ಎರಡು ಸಲ ಓದಿಸಿಕೊಳ್ಳುವ ಅಕ್ಷರ: ಜೈವಿಕ ಅನುಕ್ರಮದ ಫೀಚರ್ ಮತ್ತು ತಂತ್ರಾಂಶದ ಆಬ್ಜೆಕ್ಟ್



ವಿಜ್ಞಾನದ ಈಚಿನ ವಿಷಯವೊಂದನ್ನು ಕನ್ನಡದಲ್ಲಿ, ಆ ಕ್ಷೇತ್ರದವರಲ್ಲದವರಿಗೂ ತಿಳಿಯುವ ಹಾಗೆ ಹೇಳಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಜೀನೋಮ್ ಎಂದ ಕೂಡಲೇ ಜನ ರೋಗ, ಔಷಧ, ಕುಲಾಂತರಿ ಬೆಳೆಗಳಂಥ ದೊಡ್ಡ ಸಂಗತಿಗಳನ್ನು ಎದುರುನೋಡುತ್ತಾರೆ. ನಾನು ಮಾತನಾಡಲು ಬಂದಿರುವುದು ಅವೆಲ್ಲಕ್ಕೂ ತಳಪಾಯವಾದ, ಆದರೆ ಯಾರೂ ಸುದ್ದಿ ಮಾಡದ ಒಂದು ಕೆಲಸದ ಬಗ್ಗೆ. ಡಿಎನ್‌ಎ ಅಕ್ಷರಗಳ ಉದ್ದನೆಯ ಸಾಲಿನ ಮೇಲೆ ‘ಇಲ್ಲಿಂದ ಇಲ್ಲಿಯವರೆಗೆ ಇಂಥದ್ದಿದೆ’ ಎಂದು ಗುರುತು ಹಾಕುವುದು, ಆ ಗುರುತನ್ನು ಅರ್ಥ ಕೆಡದಂತೆ ಕಂಪ್ಯೂಟರಿನಲ್ಲಿ ಇಡುವುದು. ಅಂಥ ಒಂದೊಂದು ಗುರುತನ್ನೂ ಈ ಕ್ಷೇತ್ರದವರು ಫೀಚರ್ ಎನ್ನುತ್ತಾರೆ. ಜೀನ್ ಒಂದು ಫೀಚರ್, ಪ್ರೋಟೀನ್ ಆಗುವ ಭಾಗ ಒಂದು ಫೀಚರ್, ಕಿಣ್ವವೊಂದು ಕತ್ತರಿಸುವ ಜಾಗವೂ ಒಂದು ಫೀಚರ್.

ನೇರವಾಗಿ ಒಂದು ಉದಾಹರಣೆಗೆ ಬರುತ್ತೇನೆ. ಕೋವಿಡ್ ತಂದ ವೈರಸ್ಸಿನ ಜೀನೋಮಿನ ಆಧಾರಪ್ರತಿಯಲ್ಲಿ 29,903 ಅಕ್ಷರಗಳಿವೆ. ಅದರ ದಾಖಲೆಯನ್ನು ತೆರೆದರೆ, ವೈರಸ್ಸಿನ ಅತಿ ಉದ್ದದ ಪ್ರೋಟೀನ್ ಎಲ್ಲಿಂದ ಎಲ್ಲಿಯವರೆಗೆ ಎಂಬಲ್ಲಿ ಎರಡು ಭಾಗಗಳನ್ನು ಜೋಡಿಸಿ ಬರೆದಿರುತ್ತಾರೆ. ಮೊದಲ ಭಾಗ 266ರಿಂದ 13468. ಎರಡನೆಯದು 13468ರಿಂದ 21555. 13468 ಎರಡು ಸಲ ಬಂದಿರುವುದನ್ನು ಗಮನಿಸಿ. ಮೊದಲ ಸಲ ನೋಡಿದ ವಿದ್ಯಾರ್ಥಿಗಳು ಇದನ್ನು ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ. ಎರಡನೆಯದು 13469 ಇರಬೇಕಿತ್ತು ಎಂದು ತಿದ್ದಲು ಹೊರಡುವವರೂ ಇದ್ದಾರೆ. ಅದು ತಪ್ಪಲ್ಲ. ಆ ಒಂದು ಅಕ್ಷರವನ್ನು ಜೀವಕೋಶ ನಿಜವಾಗಿಯೂ ಎರಡು ಸಲ ಓದುತ್ತದೆ.

ಹೇಗೆಂದರೆ, ಪ್ರೋಟೀನ್ ಕಟ್ಟುವ ರೈಬೋಸೋಮ್ ಆರ್‌ಎನ್‌ಎಯನ್ನು ಮೂರು ಮೂರು ಅಕ್ಷರಗಳಂತೆ ಓದುತ್ತ ಸಾಗುತ್ತದೆ. ಒಂದೊಂದು ಮೂರಕ್ಷರಕ್ಕೂ ಒಂದು ಅಮೈನೋ ಆಮ್ಲ. 266ರಿಂದ ಹೀಗೆ ಎಣಿಸುತ್ತ ಬಂದರೆ 4,401ನೆಯ ಮೂರಕ್ಷರ ಎಎಸಿ. ಅದಕ್ಕೆ ಆಸ್ಪರಜಿನ್ ಎಂಬ ಅಮೈನೋ ಆಮ್ಲ. ಅದರ ಕೊನೆಯ ‘ಸಿ’ಯೇ 13468ನೆಯ ಅಕ್ಷರ. ಆ ಜಾಗದಲ್ಲಿ ಟಿಟಿಟಿಎಎಎಸಿ ಎಂಬ ಜಾರು ಅನುಕ್ರಮವಿದೆ (ದಾಖಲೆಗಳಲ್ಲಿ ಆರ್‌ಎನ್‌ಎಯ ‘ಯು’ವನ್ನು ‘ಟಿ’ ಎಂದೇ ಬರೆಯುವ ರೂಢಿ). ಸ್ವಲ್ಪ ಮುಂದೆ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಿಸಿಕೊಂಡು ಗಂಟಾಗಿದೆ. ಗಂಟಿಗೆ ತಡೆದ ರೈಬೋಸೋಮ್‌ಗಳಲ್ಲಿ ಕೆಲವು ಒಂದಕ್ಷರ ಹಿಂದಕ್ಕೆ ಜಾರುತ್ತವೆ. ಜಾರಿದ್ದು ಅದೇ ‘ಸಿ’ಯಿಂದ ಮತ್ತೆ ಓದಲು ಶುರುಮಾಡುತ್ತದೆ: ಸಿಜಿಜಿ, ಆರ್ಜಿನಿನ್. ಹಾಗೆ ಮುಂದುವರಿದರೆ ಒಟ್ಟು 7,096 ಅಮೈನೋ ಆಮ್ಲಗಳ ಸರಪಳಿ. ಜಾರದೆ ನೇರವಾಗಿ ಹೋದ ರೈಬೋಸೋಮ್‌ಗೆ ಸಿಗುವುದು ಜಿಜಿಜಿ, ಟಿಟಿಟಿ, ಜಿಸಿಜಿ, ಜಿಟಿಜಿ, ಆಮೇಲೆ ಟಿಎಎ. ಟಿಎಎ ಎಂದರೆ ನಿಲ್ಲು. ಅಲ್ಲಿಗೆ 4,405 ಅಮೈನೋ ಆಮ್ಲಗಳಲ್ಲಿ ಪ್ರೋಟೀನ್ ಮುಗಿಯಿತು.

ಈಗ ಒಬ್ಬ ಪ್ರೋಗ್ರಾಮರ್ ಈ ಫೀಚರನ್ನು ತನ್ನ ತಂತ್ರಾಂಶದಲ್ಲಿ ‘ಆರಂಭ 266, ಅಂತ್ಯ 21555’ ಎಂದು ಎರಡೇ ಅಂಕಿಗಳಲ್ಲಿ ಇಟ್ಟನೆನ್ನಿ. ನೋಡಲು ಯಾವ ದೋಷವೂ ಇಲ್ಲ. ಆದರೆ ಅಲ್ಲಿಂದ ಅನುವಾದ ಮಾಡಿಸಿದರೆ, ಎಂದರೆ ಮೂರಕ್ಷರಗಳನ್ನು ಅಮೈನೋ ಆಮ್ಲಗಳಾಗಿ ಓದಿಸಿದರೆ, ಪ್ರೋಟೀನ್ 4,405ಕ್ಕೇ ನಿಲ್ಲುತ್ತದೆ. ಜಾರಿದ ನಂತರ ಬರುವ ಭಾಗದಲ್ಲೇ ವೈರಸ್ಸು ತನ್ನ ಆರ್‌ಎನ್‌ಎಯನ್ನು ನಕಲು ಮಾಡಿಕೊಳ್ಳುವ ಕಿಣ್ವವಿದೆ. ರೆಮ್‌ಡೆಸಿವಿರ್ ಔಷಧದ ಗುರಿಯೇ ಆ ಕಿಣ್ವ. ಅದು ಈ ತಂತ್ರಾಂಶದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕಂಪ್ಯೂಟರ್ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಏಕೆಂದರೆ ಅದಕ್ಕೆ ಹೇಳಿಕೊಟ್ಟಿದ್ದೇ ಅಷ್ಟು.

ನನ್ನ ಇವತ್ತಿನ ಮಾತೆಲ್ಲ ಇಲ್ಲಿಂದ ಹೊರಡುತ್ತದೆ. ಫೀಚರ್ ಅನುಕ್ರಮದ ಒಂದು ತುಂಡು ಎಂದು ಪಠ್ಯಪುಸ್ತಕಗಳು ಹೇಳಿಕೊಡುತ್ತವೆ. ಆ ವಿವರಣೆ ಸಾಲದು. ಫೀಚರ್ ಎಂಬುದು ಅನುಕ್ರಮದ ಬಗ್ಗೆ ಯಾರೋ ಒಬ್ಬರು ಆಧಾರ ಇಟ್ಟುಕೊಂಡು ಹೇಳಿದ ಮಾತು. ನಮ್ಮ ಪಹಣಿ ಹಾಗೆಯೇ ಇರುತ್ತದಲ್ಲವೆ? ಪಹಣಿ ನೆಲವಲ್ಲ, ನೆಲದ ಬಗ್ಗೆ ಇರುವ ದಾಖಲೆ. ಅದರಲ್ಲಿ ಯಾವ ಗ್ರಾಮ, ಯಾವ ಸರ್ವೆ ನಂಬರು, ಎಷ್ಟು ವಿಸ್ತೀರ್ಣ, ಯಾರ ಹೆಸರಿಗೆ, ಯಾವ ಮ್ಯುಟೇಶನ್ ಪ್ರಕಾರ ಎಂಬುದೆಲ್ಲ ಒಟ್ಟಿಗೆ ಇದ್ದರಷ್ಟೇ ಅದಕ್ಕೆ ಬೆಲೆ. ಗ್ರಾಮದ ಹೆಸರು ಹರಿದುಹೋದ ಪಹಣಿಯಲ್ಲಿ ಸರ್ವೆ ನಂಬರು ಎಷ್ಟು ಸ್ಪಷ್ಟವಾಗಿದ್ದರೂ ಪ್ರಯೋಜನವಿಲ್ಲ.

ಈ ದಾಖಲೆಗಳ ಇತಿಹಾಸ ಉದ್ದವೇನಲ್ಲ. 1965ರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ ಅಂದು ಗೊತ್ತಿದ್ದ 65 ಪ್ರೋಟೀನುಗಳ ಅನುಕ್ರಮಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ಡಿಎನ್‌ಎ ಅನುಕ್ರಮಗಳಿಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಯುರೋಪಿನ ಭಂಡಾರ, 1982ರಲ್ಲಿ ಅಮೆರಿಕದ ಜೆನ್‌ಬ್ಯಾಂಕ್, ಸ್ವಲ್ಪ ತಡವಾಗಿ ಜಪಾನಿನ ಮಿಶಿಮಾದಲ್ಲಿ ಇನ್ನೊಂದು ಶುರುವಾದವು. ಮೂರೂ ಭಂಡಾರಗಳು ಕೂಡಿ ಫೀಚರ್ ಪಟ್ಟಿಯನ್ನು ಒಂದೇ ರೀತಿಯಲ್ಲಿ ಬರೆಯುವ ನಿಯಮಗಳನ್ನು ಮಾಡಿಕೊಂಡವು. ಆ ನಿಯಮಗಳಲ್ಲಿ ಫೀಚರಿನ ಜಾತಿಯ ಹೆಸರು ಸಾಲಿನ 6ನೆಯ ಅಂಕಣದಿಂದ, ಸ್ಥಾನ 22ನೆಯ ಅಂಕಣದಿಂದ ಶುರುವಾಗಬೇಕು. ಇಂದಿಗೂ ಹಾಗೇ ಇದೆ. ಮನುಷ್ಯರ ಕಣ್ಣಿಗೂ ಯಂತ್ರಕ್ಕೂ ಒಟ್ಟಿಗೆ ಓದಲು ಸಿಗಬೇಕೆಂದು ಪಟ್ಟ ಶ್ರಮ ಅದರಲ್ಲಿ ಕಾಣುತ್ತದೆ. ನನಗೆ ಆ ಪಟ್ಟಿಯ ಬಗ್ಗೆ ಬಹಳ ಗೌರವವಿದೆ.

ಅಷ್ಟು ಹೊತ್ತಿಗೆ ಜೀವವಿಜ್ಞಾನ ಒಂದಾದ ಮೇಲೊಂದು ಅಚ್ಚರಿ ಕೊಟ್ಟಿತ್ತು. ಫ್ರೆಡರಿಕ್ ಸ್ಯಾಂಗರ್ ಅವರ ಗುಂಪು ಫೈ-ಎಕ್ಸ್ 174 ಎಂಬ ಪುಟ್ಟ ವೈರಸ್ಸಿನ ಅನುಕ್ರಮವನ್ನು 1977ರಲ್ಲಿ ಪ್ರಕಟಿಸಿದಾಗ, ಒಂದು ಜೀನಿನ ಒಳಗೇ ಇನ್ನೊಂದು ಜೀನ್ ಪೂರ್ತಿಯಾಗಿ ಕುಳಿತಿರುವುದು ಎಲ್ಲರಿಗೂ ಕಂಡಿತು. ಅಕ್ಷರಗಳು ಅವೇ, ಓದಲು ಶುರುಮಾಡುವ ಜಾಗ ಮಾತ್ರ ಬೇರೆ. ಅದೇ ವರ್ಷ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರ ಗುಂಪುಗಳು, ಜೀನು ತುಂಡು ತುಂಡಾಗಿ ಹರಡಿಕೊಂಡಿರಬಹುದು, ನಡುವಿನ ಭಾಗಗಳನ್ನು ಕೋಶ ಕತ್ತರಿಸಿ ಎಸೆಯುತ್ತದೆ ಎಂದು ತೋರಿಸಿದವು. 1993ರ ನೊಬೆಲ್ ಅದಕ್ಕೇ ಬಂತು. ಮಾಂಸಖಂಡಕ್ಕೆ ಬೇಕಾದ ಡಿಸ್ಟ್ರೋಫಿನ್ ಜೀನನ್ನೇ ನೋಡಿ: ಎಕ್ಸ್ ವರ್ಣತಂತುವಿನ ಮೇಲೆ ಇಪ್ಪತ್ತು ಲಕ್ಷ ಅಕ್ಷರಗಳನ್ನೂ ದಾಟಿ ಹಬ್ಬಿದೆ, ಕೆಲಸಕ್ಕೆ ಬರುವ ತುಂಡುಗಳು 79. ಒಂದು ತುಂಡು ಹಲವು ಬಗೆಯ ಆರ್‌ಎನ್‌ಎ ಪ್ರತಿಗಳಲ್ಲಿ ಪಾಲುಗೊಳ್ಳುತ್ತದೆ. ಆದ್ದರಿಂದ ಇಲ್ಲಿ ಒಂದು ಮಗುವಿಗೆ ಒಬ್ಬಳೇ ತಾಯಿ ಎಂಬ ವಂಶವೃಕ್ಷ ಸಾಲದು; ಒಂದು ಫೀಚರಿಗೆ ಅನೇಕ ಪೋಷಕ ಫೀಚರುಗಳಿರಲು ಅವಕಾಶ ಬೇಕು. ಜಿಎಫ್‌ಎಫ್ 3 ಎಂಬ ಒಂಬತ್ತು ಅಂಕಣಗಳ ಕಡತದ ನಿಯಮ ಆ ಅವಕಾಶ ಕೊಟ್ಟಿದೆ.

ಇಂಥ ವಸ್ತುವನ್ನು ಎರಡು ಅಂಕಿಗಳಲ್ಲಿ ಹಿಡಿಯಲಾಗದು ಎಂದು ಗೊತ್ತಾದ ಮೇಲೆ ತಂತ್ರಾಂಶ ಬರೆಯುವವರು ಆಬ್ಜೆಕ್ಟ್ ಎಂಬ ಕಲ್ಪನೆಗೆ ಬಂದರು. ಮಾಹಿತಿ ಮತ್ತು ಆ ಮಾಹಿತಿಯಿಂದ ಮಾಡಬಹುದಾದ ಕೆಲಸ ಎರಡನ್ನೂ ಒಂದೇ ಘಟಕದಲ್ಲಿ ಇಟ್ಟರೆ ಅದು ಆಬ್ಜೆಕ್ಟ್. ಹೊರಗಿನವರು ಅದರ ಒಳಗೆ ಕೈಹಾಕುವುದಿಲ್ಲ. ಸಂದೇಶ ಕಳಿಸಿ ಕೇಳುತ್ತಾರೆ, ಅದು ಉತ್ತರ ಕೊಡುತ್ತದೆ. ಈ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಮುಖ್ಯರಾದ ಅಲನ್ ಕೇ ಪದವಿಗೆ ಓದಿದ್ದು ಗಣಿತ ಮತ್ತು ಆಣ್ವಿಕ ಜೀವಶಾಸ್ತ್ರ. ತಮ್ಮ ಆಬ್ಜೆಕ್ಟುಗಳನ್ನು ಜೀವಕೋಶಗಳಂತೆ ಕಲ್ಪಿಸಿಕೊಂಡಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ಜೀವಶಾಸ್ತ್ರದಿಂದ ಕಂಪ್ಯೂಟರಿಗೆ ಹೋದ ವಿಚಾರವೊಂದು ಮೂರು ದಶಕಗಳ ನಂತರ ಜೀವಶಾಸ್ತ್ರದ ಕೆಲಸಕ್ಕೇ ಒದಗಿತು. ಈ ಸಂಗತಿಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಖುಷಿಯಾಗುತ್ತದೆ.

1990ರ ದಶಕದ ನಡುವಿನಲ್ಲಿ ಹುಟ್ಟಿದ ಬಯೋಪರ್ಲ್, 1999ರಲ್ಲಿ ಶುರುವಾದ ಬಯೋಪೈಥಾನ್, ಜಾವಾ ಭಾಷೆಯ ಬಯೋಜಾವಾ, ಇವೆಲ್ಲ ಜಗತ್ತಿನ ಹಲವೆಡೆಯ ಸ್ವಯಂಸೇವಕರು ಕಟ್ಟಿ ಎಲ್ಲರಿಗೂ ಉಚಿತವಾಗಿ ಕೊಟ್ಟ ಉಪಕರಣಗಳು. ಬಯೋಪೈಥಾನ್‌ನ ವಿನ್ಯಾಸವನ್ನು ಸ್ವಲ್ಪ ಬಿಡಿಸಿ ನೋಡೋಣ. ಫೀಚರ್ ಎಂಬ ಆಬ್ಜೆಕ್ಟಿನಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿವೆ: ಅದರ ಜಾತಿ, ಅದರ ಸ್ಥಾನ, ಅದರ ಬಗೆಗಿನ ವಿವರಗಳು. ಜಾಣತನ ಇರುವುದು ಸ್ಥಾನದಲ್ಲಿ. ಸ್ಥಾನವನ್ನು ಬರೀ ಅಂಕಿಯಾಗಿ ಇಡದೆ ಅದನ್ನೇ ಇನ್ನೊಂದು ಆಬ್ಜೆಕ್ಟ್ ಮಾಡಿದ್ದಾರೆ. ಒಂದೇ ಭಾಗವಿದ್ದರೆ ಸರಳ ಸ್ಥಾನ, ಹಲವು ಭಾಗಗಳಿದ್ದರೆ ಸಂಯುಕ್ತ ಸ್ಥಾನ. ‘ಇಗೋ ಮೂಲ ಅನುಕ್ರಮ, ನಿನ್ನ ಪಾಲನ್ನು ತೆಗೆದುಕೊಡು’ ಎಂದು ಫೀಚರನ್ನು ಕೇಳಿದರೆ ಸರಳವಾದದ್ದು ತನ್ನ ತುಂಡನ್ನು ಕೊಡುತ್ತದೆ. ಸಂಯುಕ್ತವಾದದ್ದು ಒಂದೊಂದು ಭಾಗವನ್ನೂ ತೆಗೆದು, ಹೇಳಿದ ಕ್ರಮದಲ್ಲಿ ಜೋಡಿಸಿ ಕೊಡುತ್ತದೆ. 13468ನೆಯ ‘ಸಿ’ ಎರಡೂ ಭಾಗಗಳಲ್ಲಿ ಇರುವುದರಿಂದ ಜೋಡಿಸಿದಾಗ ತಾನಾಗಿಯೇ ಎರಡು ಸಲ ಬರುತ್ತದೆ. ಕೋವಿಡ್ ವೈರಸ್ಸಿಗೆಂದು ಯಾರೂ ಪ್ರತ್ಯೇಕ ಸಾಲು ಬರೆಯಬೇಕಾಗಲಿಲ್ಲ. ಆ ವೈರಸ್ಸು ಮನುಷ್ಯರಿಗೆ ಗೊತ್ತಾಗುವ ಎಷ್ಟೋ ಮೊದಲೇ ಬರೆದ ವಿನ್ಯಾಸ ಅದನ್ನು ಸರಿಯಾಗಿ ಓದಿತು. ಒಳ್ಳೆಯ ಆಬ್ಜೆಕ್ಟ್ ಎಂದರೆ ನನ್ನ ಮಟ್ಟಿಗೆ ಅದು.

ಸ್ಥಾನದೊಳಗಿನ ಆರಂಭ ಮತ್ತು ಅಂತ್ಯ ಕೂಡ ಸಾದಾ ಅಂಕಿಗಳಲ್ಲ. ಜೆನ್‌ಬ್ಯಾಂಕಿನ ದಾಖಲೆಗಳಲ್ಲಿ ಅಂಕಿಯ ಮುಂದೆ ‘ಇದಕ್ಕಿಂತ ಕಡಿಮೆ’ ಎಂಬ ಚಿಹ್ನೆ ಇರುವುದುಂಟು. ಜೀನು ಈ ತುಂಡಿಗಿಂತ ಹಿಂದೆಯೇ ಶುರುವಾಗಿದೆ, ನಮ್ಮ ಕೈಗೆ ಸಿಕ್ಕಿದ್ದು ಇಲ್ಲಿಂದ ಮಾತ್ರ ಎಂದು ಅದರ ಅರ್ಥ. ಹಳೆಯ ದಾಖಲೆಗಳಲ್ಲಿ ಎರಡು ಅಂಕಿಗಳ ನಡುವೆ ಒಂದೇ ಚುಕ್ಕೆ ಇದ್ದರೆ ಗಡಿ ಈ ಎರಡರ ಮಧ್ಯೆ ಎಲ್ಲೋ ಇದೆ ಎಂದು. ಬಾಣದ ತುದಿಯಂಥ ಚಿಹ್ನೆ ಇದ್ದರೆ ಎರಡು ಅಕ್ಷರಗಳ ಸಂದಿ ಎಂದು. ಕಿಣ್ವ ಕತ್ತರಿಸುವ ಜಾಗಕ್ಕೆ ಅದು ಬೇಕು, ಏಕೆಂದರೆ ಕತ್ತರಿ ಬೀಳುವುದು ಅಕ್ಷರದ ಮೇಲಲ್ಲ. ಬಯೋಪೈಥಾನ್ ಇವಕ್ಕೆ ಬೇರೆ ಬೇರೆ ವರ್ಗಗಳನ್ನೇ ಮಾಡಿದೆ. ಅವು ಅಂಕಿಗಳಂತೆ ಲೆಕ್ಕಕ್ಕೂ ಒದಗುತ್ತವೆ, ತಮ್ಮ ಅನಿಶ್ಚಿತತೆಯನ್ನೂ ಬಿಟ್ಟುಕೊಡುವುದಿಲ್ಲ. ಅವಸರದಲ್ಲಿ ಬರೆದ ಎಷ್ಟೋ ಪ್ರೋಗ್ರಾಮುಗಳು ಈ ಚಿಹ್ನೆಗಳನ್ನು ಕಸವೆಂದು ಅಳಿಸಿ ಅಂಕಿ ಮಾತ್ರ ಉಳಿಸಿಕೊಳ್ಳುತ್ತವೆ. ಅರ್ಧ ಜೀನು ಪೂರ್ಣ ಜೀನಾಗಿಬಿಡುವುದು ಹಾಗೆ. ಮೂಲ ಸಂಶೋಧಕ ‘ನನಗೆ ಇಷ್ಟೇ ಗೊತ್ತು’ ಎಂದು ಪ್ರಾಮಾಣಿಕವಾಗಿ ಬರೆದಿದ್ದನ್ನು ಅಳಿಸುವ ಹಕ್ಕು ನಮಗಿಲ್ಲ.

ಎಣಿಕೆಯ ವಿಷಯವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಜೆನ್‌ಬ್ಯಾಂಕ್ ಮೊದಲ ಅಕ್ಷರವನ್ನು 1 ಎನ್ನುತ್ತದೆ, ಪೈಥಾನ್ 0 ಎನ್ನುತ್ತದೆ. ದಾಖಲೆಯ 266 ಬಯೋಪೈಥಾನ್‌ನ ಒಳಗೆ 265 ಆಗುತ್ತದೆ, ಅಂತ್ಯದ 13468 ಹಾಗೇ ಉಳಿಯುತ್ತದೆ. ಜಿಎಫ್‌ಎಫ್ ಕಡತ ಒಂದರಿಂದ, ಬೆಡ್ ಎಂಬ ಕಡತ ಸೊನ್ನೆಯಿಂದ. ಲೆಕ್ಕ ಒಂದೇ ಕಡೆ, ಆಬ್ಜೆಕ್ಟಿನ ಒಳಗೆ ನಡೆದರೆ ತೊಂದರೆಯಿಲ್ಲ. ಪ್ರತಿಯೊಬ್ಬರೂ ತಮ್ಮ ಕೋಡಿನಲ್ಲಿ ಒಂದು ಕೂಡುತ್ತ ಕಳೆಯುತ್ತ ಕುಳಿತರೆ ಒಂದಲ್ಲ ಒಂದು ಕಡೆ ತಪ್ಪುವುದು ಖಂಡಿತ.

ಇದಕ್ಕಿಂತ ಆಳದ ತೊಡಕು ಮನುಷ್ಯನ ಮೈಟೊಕಾಂಡ್ರಿಯದ ದಾಖಲೆಯಲ್ಲಿದೆ. ತಾಯಿಯಿಂದ ಮಕ್ಕಳಿಗೆ ಬರುವ ಈ ಪುಟ್ಟ ಡಿಎನ್‌ಎ ಉಂಗುರದ ಅನುಕ್ರಮವನ್ನು ಕೇಂಬ್ರಿಜ್‌ನ ಗುಂಪು 1981ರಲ್ಲಿ ಪ್ರಕಟಿಸಿತು: 16,569 ಅಕ್ಷರ, 37 ಜೀನುಗಳು. ಪಠ್ಯಪುಸ್ತಕದ ನಿಯಮಗಳಿಗೆಲ್ಲ ಇಲ್ಲಿ ಅಪವಾದಗಳಿವೆ. ಉಂಗುರವಾದ್ದರಿಂದ ಒಂದು ಫೀಚರ್ 16024ರಲ್ಲಿ ಶುರುವಾಗಿ, ಕೊನೆಯನ್ನು ದಾಟಿ, ಮತ್ತೆ 1ರಿಂದ 576ರವರೆಗೆ ಬರುತ್ತದೆ. ಆರಂಭದ ಅಂಕಿ ಅಂತ್ಯದ ಅಂಕಿಗಿಂತ ದೊಡ್ಡದು. ಎಟಿಪಿ 8 ಮತ್ತು ಎಟಿಪಿ 6 ಜೀನುಗಳು 46 ಅಕ್ಷರಗಳಷ್ಟು ಒಂದರ ಮೇಲೊಂದು ಕೂತಿವೆ. ಎನ್‌ಡಿ 6 ಜೀನು ಎದುರು ಎಳೆಯ ಮೇಲಿದೆ, ಹಿಂದುಮುಂದಾಗಿ ಓದಬೇಕು. ಎನ್‌ಡಿ 1 ಜೀನಿನ ಕೊನೆಯಲ್ಲಿ ‘ನಿಲ್ಲು’ ಎನ್ನುವ ಮೂರಕ್ಷರವೇ ಪೂರ್ತಿ ಇಲ್ಲ. ಡಿಎನ್‌ಎಯಲ್ಲಿ ಇರುವುದು ‘ಟಿಎ’ ಮಾತ್ರ; ಆರ್‌ಎನ್‌ಎ ಆದ ಮೇಲೆ ಕೋಶ ಅಂಟಿಸುವ ‘ಎ’ಗಳಿಂದ ಅದು ಟಿಎಎ ಆಗುತ್ತದೆ. ಅಂದರೆ ಆ ಪ್ರೋಟೀನಿನ ನಿಲುಗಡೆಯ ಒಂದಕ್ಷರ ಜೀನೋಮಿನಲ್ಲಿ ಎಲ್ಲೂ ಇಲ್ಲ. ದಾಖಲೆ ಇದನ್ನು ಫೀಚರಿನ ವಿವರದಲ್ಲಿ ಬರೆದಿಟ್ಟಿದೆ. ವಿವರವನ್ನು ಓದದ ತಂತ್ರಾಂಶಕ್ಕೆ ಅದು ತಿಳಿಯುವ ದಾರಿಯಿಲ್ಲ.

ಇನ್ನು 3107ನೆಯ ಅಕ್ಷರ. 1999ರಲ್ಲಿ ಮೂಲ ಮಾದರಿಯನ್ನೇ ಮತ್ತೆ ಓದಿದಾಗ 1981ರ ಪ್ರತಿಯಲ್ಲಿ ಕೆಲವು ತಪ್ಪುಗಳು ಸಿಕ್ಕವು. 3106 ಮತ್ತು 3107ರಲ್ಲಿ ಎರಡು ‘ಸಿ’ಗಳಿವೆ ಎಂದು ಬರೆದಿದ್ದಲ್ಲಿ ನಿಜಕ್ಕೂ ಇದ್ದದ್ದು ಒಂದೇ. ತಿದ್ದಿದರೆ ಉದ್ದ 16,568 ಆಗಬೇಕು, ಅಲ್ಲಿಂದ ಮುಂದಿನ ಅಂಕಿಗಳೆಲ್ಲ ಒಂದೊಂದು ಹಿಂದೆ ಸರಿಯಬೇಕು. ಆದರೆ ಅಷ್ಟರೊಳಗೆ ವೈದ್ಯರು 3243 ಎಂದರೆ ಮೆಲಾಸ್ ಎಂಬ ರೋಗದ, 11778 ಎಂದರೆ ಕಣ್ಣಿನ ನರ ಕೆಡಿಸುವ ಲೆಬರ್ ರೋಗದ ಬದಲಾವಣೆ ಎಂದು ಗುರುತಿಸುವುದು ಬಳಕೆಗೆ ಬಂದಿತ್ತು. ಅಂಕಿ ಸರಿಸಿದರೆ ರೋಗಿಗಳ ಹಳೆಯ ವರದಿಗಳೆಲ್ಲ ಅರ್ಥ ಕಳೆದುಕೊಳ್ಳುತ್ತಿದ್ದವು. ಹಾಗಾಗಿ ವಿಜ್ಞಾನಿಗಳು 3107ನೆಯ ಜಾಗದಲ್ಲಿ ‘ಎನ್’ ಎಂಬ ಅಕ್ಷರವಿಟ್ಟು ಎಣಿಕೆಯನ್ನು ಉಳಿಸಿಕೊಂಡರು. ಅಲ್ಲಿ ಯಾವ ಅಕ್ಷರವೂ ಇಲ್ಲ, ಜಾಗ ಮಾತ್ರ ಇದೆ. ಅದರ ಮೇಲೆ ಹಾದುಹೋಗುವ ಫೀಚರ್ 1671ರಿಂದ 3229. ಅಂಕಿಗಳ ಪ್ರಕಾರ ಉದ್ದ 1,559, ನಿಜದಲ್ಲಿ 1,558. ಇದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ರೋಗಿಯ ಕೈಯಲ್ಲಿರುವ ವರದಿಗಿಂತ ಎಣಿಕೆಯ ಅಚ್ಚುಕಟ್ಟು ದೊಡ್ಡದಲ್ಲ.

ಇಷ್ಟೂ ಸಾಲದೆಂಬಂತೆ, ಮನುಷ್ಯ ಜೀನೋಮಿನ 2009ರ ಆವೃತ್ತಿಯನ್ನು ಕ್ಯಾಲಿಫೋರ್ನಿಯದ ಸಾಂತಾಕ್ರೂಜ್‌ನ ಜನಪ್ರಿಯ ಜೀನೋಮ್ ಬ್ರೌಸರಿನಲ್ಲಿ ಇಟ್ಟಾಗ ಅದರ ಮೈಟೊಕಾಂಡ್ರಿಯ ಬೇರೆಯದೇ ಪ್ರತಿಯಾಗಿತ್ತು, 16,571 ಅಕ್ಷರಗಳದ್ದು. ಒಂದೇ ಹೆಸರಿನ ವರ್ಣತಂತು, ಒಂದೇ ಅಂಕಿ, ಎರಡು ಕಡೆ ಬೇರೆ ಬೇರೆ ಅಕ್ಷರ. ಯಾವ ಪ್ರತಿ, ಅದರ ಯಾವ ಆವೃತ್ತಿ ಎಂಬುದು ಫೀಚರಿನ ಜೊತೆಗೇ ಪಯಣಿಸದಿದ್ದರೆ ಆ ಅಂಕಿಯಿಂದ ಏನೂ ತಿಳಿಯದು.

ಕೊನೆಯದಾಗಿ ಆಧಾರದ ಪ್ರಶ್ನೆ. ಇದನ್ನು ಹೇಳಿದವರು ಯಾರು, ಹೇಗೆ ಗೊತ್ತಾಯಿತು? ಮೂರು ಭಂಡಾರಗಳ ನಿಯಮಗಳಲ್ಲಿ ಪ್ರಯೋಗದಿಂದ ತಿಳಿದದ್ದನ್ನೂ ಹೋಲಿಕೆಯಿಂದ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯಲು ಜಾಗವಿದೆ. ಎಷ್ಟೋ ದಾಖಲೆಗಳಲ್ಲಿ ಅದನ್ನು ಖಾಲಿ ಬಿಟ್ಟಿರುತ್ತಾರೆ. ಒಬ್ಬರ ಊಹೆಯನ್ನು ಇನ್ನೊಬ್ಬರ ಪ್ರೋಗ್ರಾಮ್ ಸತ್ಯವೆಂದು ನಕಲು ಮಾಡುತ್ತದೆ, ಆ ನಕಲನ್ನು ಮೂರನೆಯದು. ಹೀಗಾಗಬಾರದೆಂದು ಪಟ್ಟ ಶ್ರಮಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಮಾದರಿಯಿದೆ. ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಸೇರಿ ಕಟ್ಟಿದ ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್ 2003ರಲ್ಲಿ ಜೀನೋಮ್ ರಿಸರ್ಚ್ ಪತ್ರಿಕೆಯ ಮೂಲಕ ಲೋಕಕ್ಕೆ ಪರಿಚಯವಾಯಿತು. ಅದನ್ನು ಕಟ್ಟಿದವರೇ ಆಬ್ಜೆಕ್ಟ್ ಡೇಟಾಬೇಸ್ ಎಂದು ಕರೆದಿದ್ದಾರೆ. ಅಂದು ಅದರಲ್ಲಿದ್ದ 2,750 ಪ್ರೋಟೀನುಗಳಿಗಾಗಿ ಜೀವವಿಜ್ಞಾನ ಓದಿದ ತರುಣ ತರುಣಿಯರು ಮೂರು ಲಕ್ಷಕ್ಕೂ ಹೆಚ್ಚು ಪ್ರಬಂಧಗಳನ್ನು ಓದಿ, ಅರ್ಥಮಾಡಿಕೊಂಡು ವಿವರ ತುಂಬಿದರು. ಯಾವ ಪ್ರೋಟೀನು ಯಾವುದರ ಜೊತೆ ಕೂಡುತ್ತದೆ, ಎಲ್ಲಿ ಫಾಸ್ಫೇಟ್ ಅಂಟುತ್ತದೆ, ಯಾವ ರೋಗಕ್ಕೆ ಸಂಬಂಧ ಎಂಬುದನ್ನು ಪ್ರಬಂಧ ಓದಿದ ಮನುಷ್ಯರೇ ನಿರ್ಧರಿಸಿದ್ದು. ಆ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂದು ನನಗೆ ಅನಿಸುತ್ತದೆ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಬಯೋಪೈಥಾನ್‌ನ ಮೂಲಪಠ್ಯ ಯಾರು ಬೇಕಾದರೂ ಓದಬಹುದು. ಅದರಲ್ಲಿ ಫೀಚರಿಗೆ ಸಂಬಂಧಿಸಿದ ಕಡತವನ್ನು ತೆರೆದು ಒಮ್ಮೆ ನಿಧಾನವಾಗಿ ಓದಿ. ಆಮೇಲೆ ಮೈಟೊಕಾಂಡ್ರಿಯದ ದಾಖಲೆಯನ್ನು ಇಳಿಸಿಕೊಂಡು ಅದರ 13 ಪ್ರೋಟೀನ್ ಜೀನುಗಳನ್ನು ನೀವೇ ತೆಗೆದು, ಅನುವಾದ ಮಾಡಿ, ದಾಖಲೆಯಲ್ಲಿ ಕೊಟ್ಟಿರುವ ಪ್ರೋಟೀನಿನ ಜೊತೆ ಅಕ್ಷರ ಅಕ್ಷರ ಹೋಲಿಸಿ. ಮೈಟೊಕಾಂಡ್ರಿಯಕ್ಕೆ ಅನುವಾದದ ಕೋಷ್ಟಕವೇ ಬೇರೆ, ಅದನ್ನು ಮರೆಯಬೇಡಿ. ಎನ್‌ಡಿ 2 ಜೀನಿನಲ್ಲಿ ಮೊದಲ ಅಮೈನೋ ಆಮ್ಲವೇ ನಿಮ್ಮದು ಬೇರೆ, ದಾಖಲೆಯದು ಬೇರೆ ಬರಬಹುದು. ಬಂದರೆ ದಾಖಲೆಯನ್ನು ತಿದ್ದಲು ಹೋಗಬೇಡಿ. ಆ ಜೀನು ಎಟಿಟಿಯಿಂದ ಶುರುವಾಗುತ್ತದೆ, ಆರಂಭದಲ್ಲಿ ಬಂದ ಎಟಿಟಿಯನ್ನು ಕೋಶ ಮೆಥಿಯೋನಿನ್ ಎಂದು ಓದುತ್ತದೆ. ಹದಿಮೂರೂ ಹೊಂದುವವರೆಗೆ ಬಿಡಬೇಡಿ, ಹೊಂದದಿದ್ದಾಗ ಕಾರಣವನ್ನು ಫೀಚರಿನ ವಿವರಗಳಲ್ಲಿ ಹುಡುಕಿ. ಮುಂದೆ ನಿಮ್ಮದೇ ಅನುಕ್ರಮವನ್ನು ಭಂಡಾರಕ್ಕೆ ಕಳಿಸುವ ದಿನ ಬಂದಾಗ, ಆಧಾರ ಬರೆಯುವ ಆ ಜಾಗವನ್ನು ಖಾಲಿ ಬಿಡಬೇಡಿ.